ಹನ್ನೆರಡು ತಿಂಗಳೂ ಹರಿಯುವ ವೃಷಭಾವತಿ

ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ ಬೆಳ್ಳಿಯ ದೀಪಗಳು ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೆ ಹೊಳಪು ಉಳಿಸಿಕೊಂಡದ್ದನ್ನು ನಾನು ಕಂಡಿಲ್ಲ. ಯುಗಾದಿಗೆ ವಿಭೂತಿ ಹಾಕಿ ಉಜ್ಜಿ ತೊಳೆದಿಟ್ಟ ಜೋಡಿ ದೀಪ ಹದಿನೈದು ದಿನಕ್ಕೆ ಮಂಕಾಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಹೊಗೆ ಹಿಡಿದ ಪಾತ್ರೆಯಂತೆ ಕಪ್ಪಾಗುತ್ತದೆ. ಅತ್ತೆ ಬಹಳ ಕಾಲ ಅದನ್ನು ಬೆಳ್ಳಿಯ ದೋಷವೆಂದೇ ನಂಬಿದ್ದರು. ತಾಮ್ರ ಬೆರೆಸಿ ಮೋಸ ಮಾಡಿದನೆಂದು ಮಾರಿದವನನ್ನು ಬೈಯುತ್ತಿದ್ದರು. ಕಾರಣ ಮನೆಯಿಂದ ಎರಡು ಬೀದಿಯಾಚೆ ಹರಿಯುತ್ತಿದೆ. ಕೊಳಚೆಯಲ್ಲಿ ಕರಗಿದ ಆಮ್ಲಜನಕವೆಲ್ಲ ಮುಗಿದುಹೋದ ಮೇಲೆ, ಗಾಳಿಯ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಸಲ್ಫೇಟನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಆ ಅನಿಲವೇ ಬೆಳ್ಳಿಯ ಮೇಲೆ ಕೂತು ಕಪ್ಪು ಪದರವಾಗುತ್ತದೆ. ಇದನ್ನು ವಿವರಿಸಿದಾಗ ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಇಷ್ಟು ವರ್ಷ ಆ ಅಂಗಡಿಯವನನ್ನ ಸುಮ್ಮಸುಮ್ಮನೆ ಬೈದೆ ಅನ್ನು" ಎಂದರು.

ಆ ಹರಿವಿಗೆ ಅತ್ತೆಯ ಬೀದಿಯಲ್ಲಿ ಇರುವ ಹೆಸರು ಮೋರಿ. ಇಡೀ ಬೆಂಗಳೂರಿನಲ್ಲಿ ಅದು ಕೆಂಗೇರಿ ಮೋರಿಯೆಂದೇ ಪ್ರಸಿದ್ಧ. ಬಸ್ಸಿನಲ್ಲಿ ತೂಕಡಿಸುತ್ತ ಕೂತವರಿಗೂ ಕೆಂಗೇರಿ ಹತ್ತಿರವಾಯಿತೆಂದು ಮೂಗೇ ಹೇಳುತ್ತಿತ್ತು ಎಂಬುದು ನನ್ನ ತಲೆಮಾರಿನವರ ಹಳೆಯ ತಮಾಷೆ. ಕಾಗದಪತ್ರಗಳಲ್ಲಿ ಮಾತ್ರ ಅದರ ಹೆಸರು ವೃಷಭಾವತಿ. ನಾನಿರುವುದು ಹನುಮಂತನಗರದಲ್ಲಿ, ಅಂದರೆ ಈ ನದಿ ಹುಟ್ಟುತ್ತದೆಂದು ಹೇಳುವ ಜಾಗದಿಂದ ಕಾಲ್ನಡಿಗೆಯ ದೂರದಲ್ಲಿ. ಹೀಗೆ ನಮ್ಮ ಕುಟುಂಬ ನದಿಯ ತಲೆಯಲ್ಲೊಂದು ಮನೆ, ನಡುವಿನಲ್ಲೊಂದು ಮನೆ ಮಾಡಿಕೊಂಡು ಕೂತಿದ್ದರೂ ಅದನ್ನು ನದಿಯೆಂದು ಕರೆದವರು ಮನೆಯಲ್ಲಿ ಯಾರೂ ಇರಲಿಲ್ಲ.

ಹುಟ್ಟಿನ ಕಥೆ ಬಸವನಗುಡಿಯ ಎಲ್ಲರಿಗೂ ಗೊತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಕಾಲದಲ್ಲಿ ರಾತ್ರಿಯೆಲ್ಲ ಬೆಳೆ ತಿಂದು ಹೋಗುತ್ತಿದ್ದ ಗೂಳಿಯೊಂದನ್ನು ರೈತರು ಹೊಡೆದರಂತೆ. ಅದು ಕೂತಲ್ಲೇ ಕಲ್ಲಾಗಿ ಬೆಳೆಯತೊಡಗಿತಂತೆ. ಆ ದೊಡ್ಡ ಬಸವಣ್ಣನಿಗೆ ಮೊದಲ ಫಸಲು ಒಪ್ಪಿಸುವ ನೆಪದಲ್ಲಿ ಇಂದಿಗೂ ಕಾರ್ತೀಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಅದೇ ಬಸವಣ್ಣನ ಪಾದದಡಿಯಿಂದ ಹೊರಟಿದ್ದರಿಂದ ನದಿಗೆ ವೃಷಭಾವತಿಯೆಂಬ ಹೆಸರು ಬಂದಿದೆ. ಪರಿಷೆಯ ದಿನ ಲಕ್ಷಗಟ್ಟಲೆ ಜನ ಆ ರಸ್ತೆಯಲ್ಲಿ ಸಿಪ್ಪೆ ಸುಲಿಯುತ್ತ ನಡೆಯುತ್ತಾರೆ. ಕಾಲಡಿಯಲ್ಲಿ ಒಂದು ನದಿಯ ತಲೆ ಹುಗಿದುಹೋಗಿದೆ ಎಂಬುದು ಅವರಲ್ಲಿ ಎಷ್ಟು ಜನರಿಗೆ ತಿಳಿದಿದೆಯೋ. ನನಗಂತೂ ನಲವತ್ತು ದಾಟುವವರೆಗೆ ತಿಳಿದಿರಲಿಲ್ಲ. ದೇವಸ್ಥಾನದ ಪಕ್ಕದ ಕಹಳೆ ಬಂಡೆಯನ್ನು ನೋಡಿದರೆ ಕಥೆಯ ಹಿಂದಿನ ಭೂಗೋಳ ಸ್ವಲ್ಪ ಅರ್ಥವಾಗುತ್ತದೆ: ಬಂಡೆಯ ಸಂದುಗಳಲ್ಲಿ ಇಂಗಿದ ಮಳೆನೀರು ಬುಡದಲ್ಲಿ ಒಸರಿ, ಪಶ್ಚಿಮದ ಇಳಿಜಾರು ಹಿಡಿದು ಗವಿಪುರದ ಕಡೆಗೆ ತೊರೆಯಾಗಿ ಸಾಗುತ್ತಿದ್ದಿರಬೇಕು.

ಈ ನದಿಗೆ ಇನ್ನೊಂದು ತವರೂ ಇದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗಿರುವ ದಕ್ಷಿಣಮುಖ ನಂದಿ ತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ವೃಷಭಾವತಿಯ ಮೂಲ ಇದೇ ಎಂದು ಮಲ್ಲೇಶ್ವರದವರು ಹೇಳುತ್ತಾರೆ. ಬಸವನಗುಡಿಯವರೂ ಮಲ್ಲೇಶ್ವರದವರೂ ದೋಸೆಯ ವಿಷಯದಲ್ಲಿ ಮಾತ್ರವಲ್ಲ, ನದಿಯ ವಿಷಯದಲ್ಲೂ ಒಬ್ಬರಿಗೊಬ್ಬರು ಬಿಟ್ಟುಕೊಡುವವರಲ್ಲ. ಎರಡೂ ಹೌದು. ಹಲವು ಕವಲುಗಳು ಕೂಡಿ ಆದ ಹೊಳೆಗೆ ಒಂದೇ ಮೂಲವನ್ನು ಹುಡುಕುವುದು ಪುರಾಣದ ಅಗತ್ಯವೇ ಹೊರತು ನೀರಿನದಲ್ಲ. ಎರಡೂ ಕಡೆ ಕಾವಲಿಗೆ ಕೂತಿರುವುದು ನಂದಿಯೇ ಆದ್ದರಿಂದ ಹೆಸರಿಗೂ ತಕರಾರಿಲ್ಲ. ಮಲ್ಲೇಶ್ವರದ ಈ ಕಲ್ಯಾಣಿಯೇ ಮಣ್ಣಿನಡಿ ಹೂತುಹೋಗಿ, ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅಗೆದಾಗ ಮತ್ತೆ ಬೆಳಕಿಗೆ ಬಂತು. ಗುಡಿ ಮೇಲೆ ಬಂತು, ಅದರಿಂದ ಹೊರಟ ತೊರೆ ಬರಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಒಂದು ಏಣಿನ ಮೇಲೆ ಕೂತಿರುವ ಊರು. ಬಿದ್ದ ಮಳೆ ಇಲ್ಲಿ ಪಾಲಾಗುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೂ ಹೆಬ್ಬಾಳ ಕಣಿವೆಯ ನೀರೂ ಪೂರ್ವಕ್ಕೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತವೆ. ವೃಷಭಾವತಿ ಕಣಿವೆಯ ನೀರು ಪಶ್ಚಿಮಕ್ಕೆ ಇಳಿದು, ಆಮೇಲೆ ನೈರುತ್ಯಕ್ಕೂ ದಕ್ಷಿಣಕ್ಕೂ ತಿರುಗಿ, ಕನಕಪುರದ ಕಡೆ ಅರ್ಕಾವತಿಯನ್ನು ಸೇರಿ, ಅರ್ಕಾವತಿಯೊಡನೆ ಸಂಗಮದಲ್ಲಿ ಕಾವೇರಿಯಾಗುತ್ತದೆ. ಏಣಿನ ಈ ಬದಿಗೆ ಬಿದ್ದ ಹನಿ ಪೂಂಪುಹಾರಿನಲ್ಲಿಯೂ ಆ ಬದಿಗೆ ಬಿದ್ದ ಹನಿ ಕಡಲೂರಿನ ಬಳಿಯೂ ಬಂಗಾಳ ಕೊಲ್ಲಿಯನ್ನು ಕಾಣುತ್ತವೆ. ಇಂಥ ಊರಿಗೆ ದೊಡ್ಡ ನದಿ ಇರಲು ಸಾಧ್ಯವೇ ಇರಲಿಲ್ಲ. ಇದ್ದದ್ದು ಮಳೆಗಾಲದಲ್ಲಿ ಮೈದುಂಬಿ ಬೇಸಿಗೆಯಲ್ಲಿ ಒಸರಾಗಿ ಇಳಿಯುವ ಹಳ್ಳಗಳು. ವೃಷಭಾವತಿಯೂ ಅಂಥದ್ದೇ ಒಂದು ಹಳ್ಳ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ವೃಷಭಾವತಿಯ ಬಗ್ಗೆ ಬರೆಯುವವರು ಬಹುಮಟ್ಟಿಗೆ ಅದನ್ನು ಒಂದು ಕಾಲದ ಗಂಗೆಯೆಂಬಂತೆ ವರ್ಣಿಸಿ ಕಣ್ಣೀರಿಡುತ್ತಾರೆ. ಆ ಕಣ್ಣೀರಿನಲ್ಲಿ ನಿಜವಾಗಿ ನಡೆದದ್ದು ಮಸುಕಾಗುತ್ತದೆ.

ಹಳ್ಳವೇ ಆದ್ದರಿಂದ ಅದನ್ನು ಕಟ್ಟಿ ನಿಲ್ಲಿಸಬೇಕಿತ್ತು. ಕಣಿವೆಯ ಮೇಲ್ತುದಿಯಲ್ಲಿ ಕೆಂಪೇಗೌಡರ ಹೆಸರಿನೊಡನೆ ಬೆಸೆದುಕೊಂಡ ಎರಡು ಕೆರೆಗಳಿದ್ದವು: ಪೇಟೆಯ ಪಕ್ಕದ ಧರ್ಮಾಂಬುಧಿ, ಗವಿಪುರದ ಕೆಂಪಾಂಬುಧಿ. ಅಂಬುಧಿ ಎಂದರೆ ಸಮುದ್ರ. ನದಿಯಿಲ್ಲದ ಊರಿನವರು ಕೆರೆಗೆ ಇಟ್ಟ ಹೆಸರಿನಲ್ಲೇ ಅವರ ಆಸೆ ಕಾಣುತ್ತದೆ. ಏರಿ ಕಟ್ಟಿ, ತೂಬು ಇಟ್ಟು, ಹೆಚ್ಚಾದ ನೀರು ಕೋಡಿಯಿಂದ ಇಳಿದು ಕೆಳಗಿನ ಊರಿನ ಕೆರೆಗೆ ಹೋಗುವಂತೆ ಕಾಲುವೆ ತೆಗೆದು, ತೂಬು ಎತ್ತಿ ಇಳಿಸಲು ನೀರಗಂಟಿಯನ್ನು ನೇಮಿಸಿ ನಡೆಸಿದ ವ್ಯವಸ್ಥೆ ಅದು. ಕೆರೆಯಿಂದ ಕೆರೆಗೆ ನೀರು ಸಾಗಿಸುವ ಮುಖ್ಯ ಕಾಲುವೆಗೆ ರಾಜಕಾಲುವೆ ಎಂದು ಹೆಸರು. ಕನ್ನಡದಲ್ಲಿ ಇಷ್ಟು ದೊಡ್ಡ ಹಿಂಬಡ್ತಿ ಪಡೆದ ಶಬ್ದ ಇನ್ನೊಂದು ಇರಲಾರದು. ಇಂದು ಪತ್ರಿಕೆಯಲ್ಲಿ ರಾಜಕಾಲುವೆ ಎಂಬ ಪದ ಕಂಡರೆ ಒತ್ತುವರಿ, ತೆರವು, ಹೂಳು, ಕೊಚ್ಚಿಹೋದ ಮಗು ಎಂಬ ಸುದ್ದಿಗಳಲ್ಲಿ ಯಾವುದಾದರೊಂದು ಅದರ ಹಿಂದೆಯೇ ಇರುತ್ತದೆ.

ಕೆರೆಗಳ ಪಾಡು ಬದಲಾದದ್ದು ಕೊಳವೆ ಬಂದ ಮೇಲೆ. 1896ರಲ್ಲಿ ಅರ್ಕಾವತಿಯ ಮೇಲ್ಹರಿವಿನಲ್ಲಿರುವ ಹೆಸರಘಟ್ಟದಿಂದ ಊರಿಗೆ ನೀರು ಬಂತು. ಮನೆಯ ಹತ್ತಿರದ ನಲ್ಲಿಯಲ್ಲಿ ನೀರು ಸಿಗುವಾಗ ಊರ ಕೆರೆಯ ಹೂಳನ್ನು ಎತ್ತುವವರು ಯಾರು? ಕುಡಿಯುವ ನೀರಿನ ಮರ್ಯಾದೆ ಕಳೆದುಕೊಂಡ ಕೆರೆ ಸೊಳ್ಳೆ ಸಾಕುವ ಗುಂಡಿಯಾಗಿ ಕಾಣತೊಡಗಿತು. ಧರ್ಮಾಂಬುಧಿ ಒಣಗಿತು, ಕೆಲಕಾಲ ಸಭೆಗಳು ನಡೆಯುವ ಮೈದಾನವಾಯಿತು, ಕೊನೆಗೆ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಓಡುವವರು ಓಡುವುದು ಕೆರೆಯಂಗಳದಲ್ಲಿ. ಅಣ್ಣಮ್ಮ ದೇವಿಯ ಗುಡಿಯೂ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರೂ ಈಗಿಲ್ಲದ ಏರಿಗೆ ಸಾಕ್ಷಿ ನಿಂತಿವೆ. ಜೋರು ಮಳೆ ಬಂದಾಗ ಆ ಸುತ್ತಿನ ರಸ್ತೆಗಳೂ ಅಂಡರ್‌ಪಾಸುಗಳೂ ತುಂಬಿಕೊಳ್ಳುವುದನ್ನು ಕಂಡು ನಾವು ಇಂಜಿನಿಯರುಗಳನ್ನು ಬೈಯುತ್ತೇವೆ. ನೀರು ತನ್ನ ಹಳೆಯ ವಿಳಾಸಕ್ಕೆ ಬಂದಿರುತ್ತದೆ, ಅಷ್ಟೆ.

ಎರಡು ವರ್ಷ ಕಳೆಯುವುದರೊಳಗೆ, 1898ರಲ್ಲಿ, ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕಳಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲವಾದ ರಸ್ತೆ, ಗಾಳಿ ಬೆಳಕಿನ ಮನೆ, ಮನೆಗಳ ಹಿಂದೆ ಒಂದು ಕಿರಿದಾದ ಓಣಿ. ನದಿಯ ಎರಡು ತವರುಗಳ ಮೇಲೆಯೇ ನಗರದ ಎರಡು ಅತಿ ಅಚ್ಚುಕಟ್ಟಾದ ಬಡಾವಣೆಗಳು ಬಂದವು. ಆ ಹಿಂದಿನ ಓಣಿಯ ಬಗ್ಗೆ ಬಸವನಗುಡಿಯ ಗತವೈಭವದ ಬರಹಗಳಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಅದು ಮಲ ಹೊರುವವರು ಓಡಾಡಲೆಂದು ಬಿಟ್ಟ ದಾರಿ. ಮುಂಬಾಗಿಲಲ್ಲಿ ರಂಗೋಲಿ ಹಾಕುವ ಹೊತ್ತಿಗೆ ಹಿಂಬಾಗಿಲಲ್ಲಿ ಒಬ್ಬರು ಬಕೆಟ್ಟಿನಲ್ಲಿ, ತಲೆಯ ಮೇಲೆ, ಆ ಮನೆಯ ಹೊಲಸನ್ನು ಹೊತ್ತು ಸಾಗುತ್ತಿದ್ದರು. ನಮ್ಮ ಅಜ್ಜಿಗೆ ಆ ಹೆಂಗಸಿನ ಹೆಜ್ಜೆಯ ಸದ್ದು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ನದಿ ಚರಂಡಿಯಾದ ಕಥೆಯನ್ನು ಹೇಳುವಾಗ ನಾನು ಇಲ್ಲಿ ನಿಲ್ಲುತ್ತೇನೆ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ. ಆ ನಿಷೇಧ ಸಾಧ್ಯವಾಗಬೇಕಾದರೆ ಒಳಚರಂಡಿ ಬೇಕಿತ್ತು, ಒಳಚರಂಡಿಗೆ ಇಳಿಜಾರು ಬೇಕಿತ್ತು, ಇಳಿಜಾರು ಇದ್ದದ್ದು ಕಣಿವೆಯಲ್ಲಿ. ಮನುಷ್ಯರು ಹೊರುತ್ತಿದ್ದುದನ್ನು ನೀರು ಹೊರತೊಡಗಿತು. ಹೀಗಿರುವಾಗ "ಒಳಚರಂಡಿ ಬಂದು ನದಿ ಹಾಳಾಯಿತು" ಎಂದು ಒಂದೇ ಉಸಿರಿನಲ್ಲಿ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಕಾನೂನುಗಳು ಬಂದ ಮೇಲೂ ಪೂರ್ತಿ ನಿಂತಿಲ್ಲವೆಂಬುದನ್ನೂ, ಇಳಿದು ಸತ್ತವರ ಸುದ್ದಿ ಈಗಲೂ ಬರುತ್ತದೆಂಬುದನ್ನೂ ಮರೆತು ಈ ಮಾತನ್ನು ಹೇಳುತ್ತಿಲ್ಲ.

ಕೊಳವೆಯ ಒಳಗಿನ ನೀರು ನದಿಗೆ ಸೇರಿದ ಬಗೆ ಸರಳವಾದದ್ದು, ಅದಕ್ಕೇ ಹೆಚ್ಚು ಕಸಿವಿಸಿ ಹುಟ್ಟಿಸುವಂಥದ್ದು. ಒಳಚರಂಡಿಯ ನೀರು ಪಂಪಿನ ಖರ್ಚಿಲ್ಲದೆ ತಾನಾಗಿಯೇ ಹರಿಯಬೇಕಾದರೆ ಕೊಳವೆಯನ್ನು ಊರಿನ ಅತಿ ತಗ್ಗಿನ ಗೆರೆಯಲ್ಲಿ ಹಾಕಬೇಕು. ಆ ಗೆರೆಯನ್ನು ಸಾವಿರಾರು ವರ್ಷ ಮೊದಲೇ ಹಳ್ಳಗಳು ಎಳೆದಿಟ್ಟಿದ್ದವು. ಹೀಗಾಗಿ ದೊಡ್ಡ ಕೊಳವೆಗಳು ರಾಜಕಾಲುವೆಯ ಅಂಚಿನಲ್ಲಿ, ಕೆಲವೆಡೆ ಅದರ ಒಡಲಿನಲ್ಲೇ ಸಾಗಿದವು; ಮೋರಿಯ ನಟ್ಟನಡುವೆ ಕಲ್ಲಿನ ಕಂಬದಂತೆ ಎದ್ದು ನಿಂತ ಮ್ಯಾನ್‌ಹೋಲುಗಳನ್ನು ಇಂದೂ ನೋಡಬಹುದು. ಮಳೆನೀರು ಒಂದು ದಾರಿ, ಮಲಿನ ನೀರು ಇನ್ನೊಂದು ದಾರಿ ಎಂಬುದು ನಕ್ಷೆಯಲ್ಲಿದ್ದ ಮಾತು. ಊರು ಕೊಳವೆಗಿಂತ ವೇಗವಾಗಿ ಬೆಳೆಯಿತು. ಕೊಳವೆ ಕಟ್ಟಿಕೊಂಡಲ್ಲಿ, ಒಡೆದಲ್ಲಿ, ಸಾಲದೆ ಹೋದಲ್ಲಿ ಪಕ್ಕದಲ್ಲೇ ತೆರೆದುಕೊಂಡು ಮಲಗಿದ್ದ ಕಾಲುವೆಗೆ ನೀರು ಉಕ್ಕಿತು. ಕೊಳವೆಯೇ ತಲುಪದ ಬಡಾವಣೆಗಳು ಯಾರನ್ನೂ ಕೇಳದೆ ಕಾಲುವೆಗೆ ಬಾಯಿ ಕೂಡಿಸಿದವು. ಪೀಣ್ಯದ ಕಡೆಯಿಂದ ಬರುವ ಕವಲು ಕೈಗಾರಿಕೆಗಳ ಬಣ್ಣವನ್ನೂ ಲೋಹದ ಅಂಶವನ್ನೂ ತಂದಿತು. ಎಲ್ಲವೂ ಇಳಿಜಾರು ಹೇಳಿದಂತೆ ಕೇಳಿದವು. ವೃಷಭಾವತಿಯನ್ನು ನದಿಯಾಗಿಸಿದ ಗುಣ ಯಾವುದೋ ಅದೇ ಅದನ್ನು ಮೋರಿಯಾಗಿಸಿತು.

ಇದರ ನಡುವೆ, ಮೇಲ್ಭಾಗದ ಕವಲುಗಳ ಮೇಲೆ ಕಲ್ಲುಚಪ್ಪಡಿ ಬಂತು, ಆಮೇಲೆ ಕಾಂಕ್ರೀಟು ಬಂತು. ಬಸವನಗುಡಿಯ ಇಳಿಜಾರಿನಲ್ಲಿ, ಓಕಳೀಪುರದ ಸುತ್ತಮುತ್ತ ನೀರು ರಸ್ತೆಯ ಕೆಳಗೂ ಕಟ್ಟಡಗಳ ಮಗ್ಗುಲಲ್ಲೂ ಹಾದುಹೋಗುತ್ತದೆ. ಒಂದು ಭಾನುವಾರ ಬೆಳಗ್ಗೆ ನಾನು ಅದರ ಜಾಡು ಹಿಡಿದು ನಡೆಯಲು ಹೊರಟೆ. ಕಣ್ಣಿಗೆ ಕಂಡದ್ದು ಕಡಿಮೆ. ಎರಡು ಕಡೆ ರಸ್ತೆ ಕಾರಣವಿಲ್ಲದೆ ತಗ್ಗಾಗಿ ಮತ್ತೆ ಏರುವುದು, ಒಂದು ಕಡೆ ಮನೆಗಳ ಸಾಲು ಇದ್ದಕ್ಕಿದ್ದಂತೆ ಓರೆಯಾಗುವುದು, ಮತ್ತೊಂದು ಕಡೆ ಚಪ್ಪಡಿಯ ಮೇಲೆ ಇಡ್ಲಿ ಗಾಡಿ ನಿಂತಿರುವುದು. ಗಾಡಿಯವನನ್ನು ಕೇಳಿದೆ. "ಕೆಳಗೆ ನೀರು ಓಡ್ತದೆ ಸಾರ್, ರಾತ್ರಿ ಗಾಡಿ ಮುಚ್ಚೋವಾಗ ಸದ್ದು ಕೇಳ್ತದೆ" ಎಂದ. ಹಗಲಿನಲ್ಲಿ ಕೇಳಿಸದ ನದಿ ಅದು.

ನದಿ ಮರೆಯಾಗಿ ಹರಿಯುವುದು ನಮ್ಮೂರಿನ ವಿಶೇಷವೇನಲ್ಲ. ಲಂಡನ್ನಿನ ಫ್ಲೀಟ್ ನದಿ ಹ್ಯಾಂಪ್‌ಸ್ಟೆಡ್‌ನ ದಿಬ್ಬದಲ್ಲಿ ಹುಟ್ಟಿ, ಕಟುಕರ ಅಂಗಡಿಗಳ ಹೊಲಸು ಹೊತ್ತು, 1730ರ ದಶಕದಿಂದ ತುಂಡುತುಂಡಾಗಿ ಮುಚ್ಚಿಸಿಕೊಂಡು ಇಂದು ಒಳಚರಂಡಿ ಜಾಲದ ಒಂದು ಕೊಳವೆಯಾಗಿದೆ. ಪತ್ರಿಕಾ ಕಚೇರಿಗಳಿಗೆ ಹೆಸರಾಗಿದ್ದ ಬೀದಿಯೊಂದಕ್ಕೆ ಹೆಸರು ಬಿಟ್ಟುಹೋಗಿದೆ. ದಕ್ಷಿಣ ಕೊರಿಯಾದ ಸೋಲ್ ನಗರದವರು 2003ರಿಂದ 2005ರ ನಡುವೆ ಮೇಲ್ಸೇತುವೆಯನ್ನೇ ಕೆಡವಿ ಚಂಗ್ಯೆಚಾನ್ ತೊರೆಯನ್ನು ಬೆಳಕಿಗೆ ತಂದರು, ಬೆಂಗಳೂರಿನಲ್ಲಿ ನದಿಯ ಮಾತು ಬಂದಾಗಲೆಲ್ಲ ಈ ಉದಾಹರಣೆ ಬರುತ್ತದೆ. ಆದರೆ ಆ ತೊರೆಯಲ್ಲಿ ಈಗ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪು ಮಾಡಿ ತಂದದ್ದು ಎಂಬುದನ್ನು ಸಭೆಗಳಲ್ಲಿ ಹೇಳುವವರು ಕಡಿಮೆ. ತೊರೆಯ ದಾರಿ ಮರಳಿತು, ತೊರೆಯ ನೀರು ಬೇರೆಯದು. ಈ ವಿಚಿತ್ರ ನಮಗೂ ಅಪರಿಚಿತವಲ್ಲ; ನಮ್ಮಲ್ಲಿ ಅದು ಯಾರೂ ಯೋಜಿಸದೆಯೇ ಆಗಿದೆ.

1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂತು, ದಿನಕ್ಕೆ 13.5 ಕೋಟಿ ಲೀಟರು. ನಾಲ್ಕು ಹಂತಗಳು ಮುಗಿಯುವ ಹೊತ್ತಿಗೆ ಅದು ಸುಮಾರು 145 ಕೋಟಿ ಲೀಟರಾಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ ಇನ್ನೂ 77.5 ಕೋಟಿ ಲೀಟರುಗಳದ್ದು. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಸುಮಾರು 100 ಕಿಲೋಮೀಟರು ದೂರ ಮತ್ತು 500 ಮೀಟರು ಎತ್ತರ ಸಾಗಿಸಿ ನಮ್ಮ ಸಂಪುಗಳಿಗೆ ಇಳಿಸಲಾಗುತ್ತದೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಹೋಗುತ್ತದೆಂಬುದು ಇಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಅಂದಾಜು. ಕಾವೇರಿ ಬಂದ ಅದೇ ದಶಕದಲ್ಲಿ ಮೈಸೂರು ರಸ್ತೆಯಲ್ಲಿ ವೃಷಭಾವತಿ ಕಣಿವೆಯ ಕೊಳಚೆ ಸಂಸ್ಕರಣ ಘಟಕವೂ ಶುರುವಾಯಿತು, ಮತ್ತು ಅಂದಿನಿಂದ ಇಂದಿನವರೆಗೆ ನೀರು ಮುಂದೆ ಓಡುತ್ತ ಘಟಕಗಳು ಹಿಂದೆ ಓಡುತ್ತ ಬಂದಿವೆ.

ಹೀಗೆ ಮಳೆಗಾಲದ ಹಳ್ಳವಾಗಿದ್ದ ವೃಷಭಾವತಿ ಹನ್ನೆರಡು ತಿಂಗಳೂ ಹರಿಯುವ ಹೊಳೆಯಾಯಿತು. ಸತ್ತ ನದಿ ಎಂದು ಅದನ್ನು ಕರೆಯುವಾಗಲೆಲ್ಲ ನನಗೆ ಈ ಲೆಕ್ಕ ಅಡ್ಡ ಬರುತ್ತದೆ. ಕೆಂಪೇಗೌಡರ ಕಾಲದ ಚೈತ್ರ ಮಾಸದಲ್ಲಿ ಈ ಪಾತ್ರದಲ್ಲಿ ಕಾಲು ತೋಯುವಷ್ಟು ನೀರಿದ್ದಿತೋ ಇಲ್ಲವೋ. ಇಂದಿನ ಏಪ್ರಿಲಿನಲ್ಲಿ, ಊರಿನ ಕೊಳವೆಬಾವಿಗಳೆಲ್ಲ ಬತ್ತಿ ಟ್ಯಾಂಕರಿಗೆ ಸಾಲು ನಿಂತಾಗಲೂ, ಅದು ಇಳಿಯುತ್ತಲೇ ಇರುತ್ತದೆ. 2024ರ ಬರಗಾಲದ ಮಾರ್ಚಿನಲ್ಲಿ ನಾನು ಅತ್ತೆಯ ಮನೆಯ ಹತ್ತಿರದ ಸೇತುವೆಯ ಮೇಲೆ ನಿಂತು ನೋಡಿದ್ದೇನೆ. ಬೀದಿಯಲ್ಲಿ ಬಿಂದಿಗೆಗಳ ಸಾಲು, ಸೇತುವೆಯ ಕೆಳಗೆ ತುಂಬು ಹರಿವು. ಆ ಹರಿವು ಮಂಡ್ಯ ಜಿಲ್ಲೆಯಿಂದ ವಿದ್ಯುತ್ತಿನ ಬಲದಲ್ಲಿ ಏರಿ ಬಂದು, ಒಂದು ಸಲ ನಮ್ಮ ಮನೆಗಳನ್ನು ಹಾದು, ಈಗ ತನ್ನ ಭಾರದಲ್ಲೇ ಇಳಿದುಹೋಗುತ್ತಿದ್ದ ಕಾವೇರಿ. ಶಿವನಸಮುದ್ರದ ಬಳಿ ನದಿಯಿಂದ ಎತ್ತಿಕೊಂಡದ್ದನ್ನು ನಾವು ಅರ್ಕಾವತಿಯ ಮೂಲಕ ಸಂಗಮದಲ್ಲಿ, ಅಂದರೆ ಅದೇ ನದಿಯ ಇನ್ನಷ್ಟು ಕೆಳಗಿನ ಮಗ್ಗುಲಲ್ಲಿ, ಹಿಂದಿರುಗಿಸುತ್ತೇವೆ. ಏರುವ ಕೊಳವೆಯೂ ಇಳಿಯುವ ಕೊಳಚೆಯೂ ಒಂದೇ ಸೀಮೆಯಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಒಂದನ್ನೊಂದು ಹಾದುಹೋಗುತ್ತವೆ.

ಮೆಜೆಸ್ಟಿಕ್‌ನಿಂದ ಕೆಂಗೇರಿಯ ಕಡೆಗೆ ಹೋಗುವ ಮೆಟ್ರೋದ ಎಡಗಡೆ ಬಲಗಡೆಯ ಕಿಟಕಿಗಳಲ್ಲಿ ವೃಷಭಾವತಿಯನ್ನು ಹಿಂದೆಂದೂ ಕಾಣದ ಎತ್ತರದಿಂದ ನೋಡಬಹುದು. 2021ರಲ್ಲಿ ಈ ಮಾರ್ಗ ಕೆಂಗೇರಿಯವರೆಗೆ ಚಾಚಿದ ಮೇಲೆ ನದಿಯ ಹೊಸ ಪರಿಚಯವೊಂದು ನನಗಾಯಿತು. ಮೈಸೂರು ರಸ್ತೆ ನಿಲ್ದಾಣದ ಆಚೆಗೆ ಅದು ರಸ್ತೆಯ ಪಕ್ಕಕ್ಕೆ ಎತ್ತರದ ಗೋಡೆಗಳ ನಡುವೆ ಬೂದುಗಪ್ಪಾಗಿ, ಅಂಚಿನಲ್ಲಿ ನೊರೆ ಕಟ್ಟಿಕೊಂಡು ಸಾಗುತ್ತದೆ. ಹವಾನಿಯಂತ್ರಿತ ಡಬ್ಬಿಯಲ್ಲಿ ಕೂತವರಿಗೆ ನಾತ ಬಡಿಯುವುದಿಲ್ಲ. ಮೇಲಿನಿಂದ ನೋಡಿದರೆ ತಿರುವುಗಳು ಚೆನ್ನಾಗಿಯೇ ಕಾಣುತ್ತವೆ. ಬಾಗಿಲು ತೆರೆದಾಗ ಮಾತ್ರ ಎಲ್ಲರೂ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಾರೆ.

ಆ ದಾರಿಯಲ್ಲೇ ಬ್ಯಾಟರಾಯನಪುರದ ಗಾಳಿ ಆಂಜನೇಯನ ಗುಡಿಯಿದೆ. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ನಂಬಿಕೆಯ ಈ ಗುಡಿ ಇರುವುದು ವೃಷಭಾವತಿಯೂ ಪಶ್ಚಿಮವಾಹಿನಿಯೆಂಬ ತೊರೆಯೂ ಕೂಡುವಲ್ಲಿ, ಅಂದರೆ ಸಂಗಮದಲ್ಲಿ. ತೇರಿಗೆ ಬರುವ ಸಾವಿರಾರು ಭಕ್ತರಲ್ಲಿ ಸಂಗಮವನ್ನು ಹುಡುಕುವವರು ಈಗ ಇಲ್ಲ. ಅತ್ತೆಯ ಮಾವ, ತೀರಿಕೊಂಡು ಬಹಳ ವರ್ಷವಾಯಿತು, ಆ ಹೊಳೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಗುಡಿ ಸುತ್ತುತ್ತಿದ್ದುದನ್ನು ಹೇಳುತ್ತಿದ್ದರಂತೆ. ದೊಡ್ಡ ಮಳೆಯಾದಾಗ ರಾಜಕಾಲುವೆ ಉಕ್ಕಿ ಗುಡಿಯೊಳಕ್ಕೆ ನೀರು ನುಗ್ಗಿದ್ದುಂಟು. ಮೀಯಲು ಹೊಳೆಗೆ ಹೋಗುತ್ತಿದ್ದ ಊರಿಗೆ ಈಗ ಹೊಳೆಯೇ ಬರುತ್ತದೆ. ಅರ್ಚಕರು ಕೊಚ್ಚೆ ಬಳಿದು, ತೊಳೆದು, ಶುದ್ಧಿ ಮಾಡಿ ಮತ್ತೆ ಬಾಗಿಲು ತೆರೆಯುತ್ತಾರೆ.

ಕೆಂಗೇರಿ ದಾಟಿದ ಮೇಲೆ ನದಿಗೆ ನಗರದ ಕಣ್ಣು ತಪ್ಪುತ್ತದೆ. ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ನಾನು ಹೋದದ್ದು ಕಳೆದ ಚಳಿಗಾಲದಲ್ಲಿ. ನೀರಾವರಿಗೆಂದು 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡ ಕಟ್ಟಿದ ಜಲಾಶಯ ಅದು, ಅಂದರೆ ನದಿ ಇನ್ನೂ ನದಿಯಾಗಿದ್ದ ಕಾಲದ್ದು. ದೂರದಿಂದ ನೋಡಿದಾಗ ನೀರು ಧುಮುಕುವಲ್ಲಿ ಹತ್ತಿಯ ರಾಶಿಯಂತೆ ಬಿಳಿಯದೇನೋ ಅಲುಗಾಡುತ್ತಿತ್ತು. ನಮ್ಮ ಬಟ್ಟೆಯ, ಪಾತ್ರೆಯ, ತಲೆಯ ಸೋಪುಗಳ ನೊರೆ. ಗಾಳಿಗೆ ಅದು ಉಂಡೆಯಾಗಿ ಹಾರಿ ಹೊಲದ ಬದುವಿನ ಮೇಲೆ ಕೂರುತ್ತದೆ.

ಹಿಂದೆ ಅಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದರು. ಈ ನೀರಿಗೆ ಭತ್ತ ಒಗ್ಗಲಿಲ್ಲ. ಪೈರು ಎತ್ತರಕ್ಕೆ ಬೆಳೆದು ಮಲಗುತ್ತಿತ್ತು, ಕಾಳು ಕಟ್ಟುತ್ತಿರಲಿಲ್ಲ ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಸಾರಜನಕ ಹೆಚ್ಚಾದ ನೀರಿನಲ್ಲಿ ಎಲೆ ಸೊಂಪಾಗಿ ಬರುತ್ತದೆ, ಆದ್ದರಿಂದ ಎಲೆಯೇ ಫಸಲಾಗುವ ಬೆಳೆಗಳಿಗೆ ಜನ ತಿರುಗಿದರು: ಹಸುವಿನ ಮೇವಿನ ಹುಲ್ಲು, ಹಿಪ್ಪುನೇರಳೆ, ಜೊತೆಗೆ ಎಳೆಯ ತೆನೆಯನ್ನೇ ಕೀಳುವ ಬೇಬಿ ಕಾರ್ನ್. ಮೇವು ಹಾಲಾಗಿ, ಸೊಪ್ಪು ರೇಷ್ಮೆಯಾಗಿ, ತೆನೆ ಹೋಟೆಲಿನ ಮಂಚೂರಿಯಾಗಿ ಮತ್ತೆ ಬೆಂಗಳೂರಿಗೇ ಹತ್ತುತ್ತವೆ. ಕೈಕಾಲಿನ ತುರಿಕೆ, ತೆರೆದ ಬಾವಿಯ ನೀರು ಹಳದಿಯಾದದ್ದು, ಹಸು ಗಬ್ಬ ನಿಲ್ಲದಿರುವುದು, ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ನೆಂಟರು ಇವೆಲ್ಲವನ್ನೂ ಹುಲ್ಲು ಕೊಯ್ಯುತ್ತಿದ್ದ ಒಬ್ಬ ರೈತ ಒಂದೊಂದಾಗಿ ಎಣಿಸಿದರು. ನಾನು ಕೇಳಬಾರದಿತ್ತೇನೋ, ಕೇಳಿಬಿಟ್ಟೆ: ಈ ನೀರನ್ನು ನಿಲ್ಲಿಸಿಬಿಟ್ಟರೆ? ಅವರು ಕುಡುಗೋಲು ಕೆಳಗಿಟ್ಟರು. "ನಿಲ್ಲಿಸ್ಬಿಟ್ರೆ ನಾವು ಏನ್ ಮಾಡದು ಸಾಮಿ? ಮಳೆ ನಂಬ್ಕಂಡಿದ್ ಊರುಗಳ್ನ ನೋಡಿದೀನಿ. ನಮ್ ಕೆರೆ ನಾನು ಹುಟ್ದಾಗಿಂದ ಒಂದ್ ದಿನ ಬತ್ತಿಲ್ಲ. ನೀರು ನಿಲ್ಲಿಸ್ಬೇಡಿ, ತೊಳ್ದು ಕಳ್ಸಿ."

ತೊಳೆದು ಕಳಿಸುವ ಮಾತು ವಿಧಾನಸೌಧದಲ್ಲೂ ಕೇಳಿಬರುತ್ತಿದೆ, ಆದರೆ ಕಳಿಸುವ ದಿಕ್ಕು ಬೇರೆ. ಪೂರ್ವದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಏರುತ್ತಿದೆ. ಅದೇ ಮಾದರಿಯಲ್ಲಿ ವೃಷಭಾವತಿ ಕಣಿವೆಯ ನೀರನ್ನೂ ಸಂಸ್ಕರಿಸಿ ಬೆಂಗಳೂರು ಗ್ರಾಮಾಂತರ, ತುಮಕೂರು ಸೀಮೆಗಳ ಕೆರೆಗಳಿಗೆ ಎತ್ತುವ ಯೋಜನೆಯಿದೆ. ಬರಗಾಲದ ಸೀಮೆಗೆ ನೀರು ಸಿಗುವುದನ್ನು ಬೇಡವೆನ್ನಲಾರೆ. ಆದರೂ ಐವತ್ತು ವರ್ಷ ಕೊಳಚೆಯನ್ನು ಸಹಿಸಿಕೊಂಡವರು ನೀರು ಶುದ್ಧವಾಗುವ ಹೊತ್ತಿಗೆ ಅದು ಬೇರೊಂದು ಕಡೆಗೆ ತಿರುಗುವುದನ್ನು ನೋಡಬೇಕಾಗಿ ಬಂದರೆ, ಅದಕ್ಕೆ ಏನೆಂದು ಹೆಸರಿಡುವುದು ನನಗೆ ತಿಳಿಯದು. ಆ ರೈತರಿಗೆ ಈ ಯೋಜನೆಯ ಸುದ್ದಿ ಗೊತ್ತಿತ್ತು. ಅವರು ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಹೊರಡುವಾಗ ಬೇಡವೆಂದರೂ ಕೇಳದೆ ಒಂದು ಚೀಲದ ತುಂಬ ಬೇಬಿ ಕಾರ್ನ್ ಕೊಟ್ಟರು. ಮನೆಗೆ ತಂದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಎಲ್ಲಿಂದ ಬಂತೆಂದು ಕೇಳಿ ತಿಳಿದುಕೊಂಡ ನನ್ನ ಹೆಂಡತಿ ಅವನ್ನು ತಿನ್ನುವುದೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಸಿಪ್ಪೆ ಬಿಡಿಸಿ, ಉಪ್ಪು ಹಾಕಿದ ನೀರಿನಲ್ಲಿ ನೆನೆಸಿ, ನಲ್ಲಿ ಜೋರಾಗಿ ಬಿಟ್ಟು ಮೂರು ಸಲ ತೊಳೆದಳು. ಅಂದು ಕಾವೇರಿ ನೀರು ಬರುವ ದಿನ. ತೊಳೆದ ನೀರು ಸಿಂಕಿನಲ್ಲಿ ಒಂದು ಸುತ್ತು ಸುತ್ತಿ ಇಳಿಯಿತು. ನಮ್ಮ ಬೀದಿಯ ಇಳಿಜಾರು ಗವಿಪುರದ ಕಡೆಗಿದೆ. ನಾಯಂಡಹಳ್ಳಿಯಲ್ಲಿ ಅತ್ತೆ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಅದು ಅಲ್ಲಿಗೆ ಮುಟ್ಟಿರಬೇಕು.